ಹಳೇ ಪಿಸ್ತೂಲು ಕೊಳ್ಳುವ ಮುನ್ನ: ಮೊದಲು ಕಾಗದ ನೋಡಿ, ಆಮೇಲೆ ಕಬ್ಬಿಣ

ಅಡಿಕೆ ಮಂಡಿಯವರು, ಚಿನ್ನದ ಅಂಗಡಿಯವರು, ಪೆಟ್ರೋಲ್ ಬಂಕ್ ಮಾಲೀಕರು, ಊರಾಚೆ ತೋಟದ ಮನೆಯಲ್ಲಿ ಇರುವವರು. ರಾತ್ರಿ ಹೊತ್ತು ಹಣ ಹಿಡಿದು ಓಡಾಡುವ ಇಂಥವರಲ್ಲಿ ಕೆಲವರು ಆತ್ಮರಕ್ಷಣೆಗೆ ಪಿಸ್ತೂಲು ಲೈಸೆನ್ಸ್ ಪಡೆದಿರುತ್ತಾರೆ. ಲೈಸೆನ್ಸ್ ಕೈಗೆ ಬಂದ ಮೇಲೆ ಬರುವ ಮೊದಲ ಸಲಹೆಯೇ "ಹೊಸದು ಯಾಕೆ, ಹಳೇ ಫಾರಿನ್ ಮಾಲು ಒಂದಿದೆ, ನೋಡ್ತೀರಾ?" ಅನ್ನೋದು. ಇನ್ನು ಕೆಲವರ ಮನೆಯಲ್ಲಿ ಅಜ್ಜನ ಕಾಲದ ಪಿಸ್ತೂಲು ಬೀರುವಿನಲ್ಲೇ ಇರುತ್ತೆ, ಅದನ್ನು ಏನು ಮಾಡಬೇಕು ಅನ್ನೋದು ಯಾರಿಗೂ ಗೊತ್ತಿರಲ್ಲ. ಇಬ್ಬರಿಗೂ ಅನ್ವಯಿಸುವ ಮಾತು ಒಂದೇ. ಪಿಸ್ತೂಲು ಎಷ್ಟೇ ಚೆನ್ನಾಗಿರಲಿ, ಕಾಗದ ಸರಿ ಇಲ್ಲದಿದ್ದರೆ ಅದು ಮನೆಗೆ ತಂದ ಕೇಸು.

ಯಾವುದು ಕೊಳ್ಳಬಹುದು, ಯಾವುದು ಆಗಲ್ಲ

ಪಿಸ್ತೂಲು ಮತ್ತು ರಿವಾಲ್ವರ್ ಒಂದೇ ಅಲ್ಲ. ತಿರುಗುವ ಗೂಡಿನಲ್ಲಿ ಗುಂಡು ಇರುವುದು ರಿವಾಲ್ವರ್. ಹಿಡಿಕೆಯೊಳಗೆ ಮ್ಯಾಗಜಿನ್ ಸೇರಿಸಿ, ಒಂದು ಗುಂಡು ಹಾರಿದ ಕೂಡಲೇ ಮುಂದಿನ ಗುಂಡು ತಾನಾಗಿಯೇ ನಳಿಕೆಗೆ ಏರುವುದು ಸೆಮಿ ಆಟೋಮ್ಯಾಟಿಕ್ ಪಿಸ್ತೂಲು. ಪ್ರತಿ ಗುಂಡಿಗೂ ಟ್ರಿಗರ್ ಒತ್ತಲೇಬೇಕು.

ಸಾಮಾನ್ಯ ನಾಗರಿಕರ ಬಳಿ ಹೆಚ್ಚಾಗಿ ಕಾಣುವುದು .32 ಬೋರ್ ಪಿಸ್ತೂಲು. 9 ಎಂಎಂ ನಿಷೇಧಿತ ಬೋರ್. ಜಿಲ್ಲಾ ಮಟ್ಟದ ಲೈಸೆನ್ಸ್ ಅದಕ್ಕೆ ನಡೆಯಲ್ಲ, ಕೇಂದ್ರ ಗೃಹ ಸಚಿವಾಲಯದ ಅನುಮತಿಯೇ ಬೇಕು. ನಿಷೇಧಿತ ಆಯುಧ ಅಕ್ರಮವಾಗಿ ಇಟ್ಟುಕೊಂಡರೆ ಕನಿಷ್ಠ 7 ವರ್ಷ, ಗರಿಷ್ಠ 14 ವರ್ಷ ಜೈಲು. ಯಾರಾದರೂ "ಮಿಲಿಟರಿ ಪೀಸು" ಅಂತ ತೋರಿಸಿದರೆ ಕೈಗೂ ತೆಗೆದುಕೊಳ್ಳದೆ ಹೊರಡುವುದು ಒಳ್ಳೆಯದು.

ವಿದೇಶಿ ಪಿಸ್ತೂಲುಗಳ ವ್ಯಾಪಾರಿ ಆಮದು 1980ರ ದಶಕದಲ್ಲೇ ನಿಂತಿದೆ. ಹಾಗಾಗಿ ವೆಬ್ಲಿ ಅಂಡ್ ಸ್ಕಾಟ್, ಕೋಲ್ಟ್ 1903, ಬೆಲ್ಜಿಯಂನ ಎಫ್ಎನ್ 1910, ಜರ್ಮನಿಯ ವಾಲ್ಥರ್ ಮುಂತಾದ .32 ಪಿಸ್ತೂಲುಗಳು ಇದ್ದಷ್ಟೇ ಇವೆ, ಕೈಯಿಂದ ಕೈಗೆ ತಿರುಗುತ್ತಿವೆ. ಅವುಗಳಿಗೆ ಹೇಳುವ ದೊಡ್ಡ ಬೆಲೆ ಹೆಸರಿನದು, ಅಭಾವದ್ದು. ಪಿಸ್ತೂಲು ಚೆನ್ನಾಗಿದೆ ಅನ್ನುವುದಕ್ಕೆ ಬೆಲೆ ಸಾಕ್ಷಿಯಲ್ಲ. ದೇಶಿ ಆರ್ಡ್‌ನೆನ್ಸ್ ಕಾರ್ಖಾನೆಯ .32 'ಅಶನಿ' ಪಿಸ್ತೂಲೂ ಸೆಕೆಂಡ್ ಹ್ಯಾಂಡ್‌ನಲ್ಲಿ ಸಿಗುತ್ತೆ. ಹೆಸರು ಕಡಿಮೆ ಇದ್ದರೂ ಬಿಡಿಭಾಗದ ಚಿಂತೆ ಕಡಿಮೆ.

ಲೈಸೆನ್ಸ್ ಮೊದಲು, ವ್ಯಾಪಾರ ಆಮೇಲೆ

1959ರ ಶಸ್ತ್ರಾಸ್ತ್ರ ಕಾಯ್ದೆ ಮತ್ತು 2016ರ ನಿಯಮಗಳ ಪ್ರಕಾರವೇ ಎಲ್ಲ ನಡೆಯಬೇಕು. ಅರ್ಜಿದಾರರಿಗೆ 21 ವರ್ಷ ತುಂಬಿರಬೇಕು. ಜಿಲ್ಲೆಗಳಲ್ಲಿ ಲೈಸೆನ್ಸ್ ಕೊಡುವುದು ಜಿಲ್ಲಾಧಿಕಾರಿ, ಪೊಲೀಸ್ ಕಮಿಷನರೇಟ್ ಇರುವ ನಗರಗಳಲ್ಲಿ ಕಮಿಷನರ್. ಅರ್ಜಿ ಹೋದ ಮೇಲೆ ಪೊಲೀಸ್ ವರದಿ ಬರುತ್ತೆ. ವೈದ್ಯಕೀಯ ಪ್ರಮಾಣಪತ್ರ, ಆಯುಧ ಬಳಕೆಯ ತರಬೇತಿ ಪತ್ರ, ಸುರಕ್ಷಿತವಾಗಿ ಇಡುತ್ತೇನೆ ಎಂಬ ಮುಚ್ಚಳಿಕೆ ಬೇಕಾಗುತ್ತೆ. ಹಲವು ಜಿಲ್ಲೆಗಳಲ್ಲಿ ಪೊಲೀಸ್ ಇಲಾಖೆಯೇ ನಾಗರಿಕ ಬಂದೂಕು ತರಬೇತಿ ಶಿಬಿರ ನಡೆಸುತ್ತೆ.

2019ರ ತಿದ್ದುಪಡಿಯಲ್ಲಿ ಎರಡು ಮುಖ್ಯ ಬದಲಾವಣೆ ಆಗಿದೆ. ಒಬ್ಬರು ಇಟ್ಟುಕೊಳ್ಳಬಹುದಾದ ಬಂದೂಕುಗಳ ಸಂಖ್ಯೆ ಮೂರರಿಂದ ಎರಡಕ್ಕೆ ಇಳಿಯಿತು. ಲೈಸೆನ್ಸ್ ಅವಧಿ ಮೂರರಿಂದ ಐದು ವರ್ಷಕ್ಕೆ ಏರಿತು. ತೋಟದ ಕೋವಿ ಎರಡು ಈಗಾಗಲೇ ಇದ್ದವರಿಗೆ ಪಿಸ್ತೂಲು ಮೂರನೆಯದು ಆಗುತ್ತೆ, ಅದು ಆಗಲ್ಲ. ಅಪ್ಪನಿಂದ ಬಂದದ್ದಾದರೂ ಲೆಕ್ಕ ಎರಡೇ.

ಇನ್ನೊಂದು ತಪ್ಪು ತಿಳಿವಳಿಕೆ ಕೊಡಗಿನದು. ಕೊಡವರಿಗೂ ಅಲ್ಲಿನ ಜಮ್ಮಾ ಹಿಡುವಳಿದಾರರಿಗೂ ಲೈಸೆನ್ಸ್ ವಿನಾಯಿತಿ ಇದೆ, 2029ರವರೆಗೆ ಅದನ್ನು ಮುಂದುವರಿಸಲಾಗಿದೆ. ಆ ವಿನಾಯಿತಿ ಆ ಜನರಿಗೆ, ಆಯುಧಕ್ಕಲ್ಲ. "ಕೊಡಗಿನ ಪೀಸು, ಲೈಸೆನ್ಸ್ ಬೇಡ" ಅಂತ ಯಾರಾದರೂ ಮಾರಲು ಬಂದರೆ ನಂಬಬಾರದು.

ಕೈ ಬದಲಾಗುವುದು ಹೇಗೆ

ಲೈಸೆನ್ಸ್ ಇರುವವರು ಲೈಸೆನ್ಸ್ ಇರುವ ಇನ್ನೊಬ್ಬರಿಗೆ ಮಾರಬಹುದು. ಆದರೆ ಬೈಕ್ ಮಾರಿದ ಹಾಗೆ ಅಲ್ಲ. ಕಾಯ್ದೆಯ 5ನೇ ಕಲಂ ಪ್ರಕಾರ ಮಾರುವವರು ಕೊಳ್ಳುವವರ ಹೆಸರು, ವಿಳಾಸ ಸಮೇತ ಜಿಲ್ಲಾ ದಂಡಾಧಿಕಾರಿಗೆ ಅಥವಾ ಹತ್ತಿರದ ಠಾಣೆಗೆ ಲಿಖಿತವಾಗಿ ತಿಳಿಸಬೇಕು. ಹಾಗೆ ತಿಳಿಸಿ ಕನಿಷ್ಠ 45 ದಿನ ಕಳೆದ ಮೇಲೆಯೇ ಹಸ್ತಾಂತರ. ಅರ್ಜಿ ಕೊಟ್ಟ ಸ್ವೀಕೃತಿಯ ಒಂದು ಪ್ರತಿ ಕೊಳ್ಳುವವರ ಹತ್ತಿರವೂ ಇರಬೇಕು. ಜಿಲ್ಲಾಧಿಕಾರಿ ಕಚೇರಿಯ ಪತ್ರ ಬರುವ ಮುಂಚೆ ಪೂರ್ತಿ ಹಣ ಕೊಡುವುದು ಬೇಡ.

ಸುಲಭದ ದಾರಿ ಅಂದರೆ ಲೈಸೆನ್ಸ್ ಇರುವ ಡೀಲರ್ ಮೂಲಕ ಹೋಗುವುದು. ಆಯುಧ ಅವರ ರಿಜಿಸ್ಟರ್‌ಗೆ ಬರುತ್ತೆ, ಅಲ್ಲಿಂದ ಬಿಲ್ ಸಮೇತ ಕೊಳ್ಳುವವರ ಹೆಸರಿಗೆ ಹೋಗುತ್ತೆ. ಡೀಲರ್ ಕಮಿಷನ್ ತಗೊಳ್ತಾರೆ, ನಿಜ. ಆದರೆ ಮುಂದೆ ಠಾಣೆಯಲ್ಲಿ ಉತ್ತರ ಹೇಳುವಾಗ ಆ ಬಿಲ್ಲೇ ಆಧಾರ.

ಕೊಂಡ ಮೇಲೆ ಲೈಸೆನ್ಸ್‌ನಲ್ಲಿ ಬರೆದ ಗಡುವಿನೊಳಗೆ ಆಯುಧ ತೋರಿಸಿ ನಂಬರ್ ನಮೂದು ಮಾಡಿಸಬೇಕು. ಮಾರಿದವರ ಲೈಸೆನ್ಸ್‌ನಿಂದ ಆ ನಂಬರ್ ತೆಗೆದಿದ್ದಾರಾ ಅನ್ನೋದನ್ನೂ ವಿಚಾರಿಸಬೇಕು. ಒಂದೇ ಪಿಸ್ತೂಲು ಇಬ್ಬರ ಹೆಸರಲ್ಲಿ ಉಳಿದರೆ ನವೀಕರಣದ ಹೊತ್ತಿಗೆ ಇಬ್ಬರೂ ಅಲೆಯಬೇಕು.

ಕಬ್ಬಿಣ ನೋಡುವಾಗ

ಮೊದಲು ನೋಡಬೇಕಾದ್ದು ನಂಬರ್. ಪಿಸ್ತೂಲಿನ ಮೇಲಿನ ಸಂಖ್ಯೆ, ಮಾರುವವರ ಲೈಸೆನ್ಸ್‌ನಲ್ಲಿ ಇರುವ ಸಂಖ್ಯೆ ಒಂದಕ್ಕೊಂದು ಅಕ್ಷರ ಬಿಡದೆ ಹೊಂದಬೇಕು. ನಂಬರ್ ಉಜ್ಜಿದ್ದರೆ, ಮತ್ತೆ ಕೆತ್ತಿದ ಹಾಗೆ ಕಂಡರೆ ಅಲ್ಲಿಗೇ ಮಾತು ಮುಗಿಸಬೇಕು. ಅಳಿಸಿದ ಗುರುತಿನ ಆಯುಧ ಯಾರ ಕೈಯಲ್ಲಿ ಸಿಗುತ್ತೋ ಅವರೇ ಅಳಿಸಿದ್ದು ಅಂತ ಕಾನೂನು ಭಾವಿಸುತ್ತೆ. ಅಲ್ಲ ಅಂತ ಸಾಬೀತು ಮಾಡುವುದು ಅವರ ತಲೆಗೇ ಬರುತ್ತೆ.

ಬಳಿಕ ಹೊಳಪು. ಹೊಸ ಬಣ್ಣ, ಹೊಸ ನಿಕ್ಕಲ್ ಹಾಕಿದ ಪಿಸ್ತೂಲು ಕಣ್ಣಿಗೆ ಚಂದ. ಕಂಪನಿ ಹೆಸರಿನ ಅಕ್ಷರಗಳ ಅಂಚು ಸವೆದು ಮಸುಕಾಗಿದ್ದರೆ ತುಕ್ಕು ತಿಂದ ಮೇಲ್ಮೈಯನ್ನು ಉಜ್ಜಿ ಮುಚ್ಚಿದ್ದಾರೆ ಎಂದರ್ಥ. ಬಣ್ಣ ಮಾಸಿದ್ದರೂ ಅಕ್ಷರ ಚೂಪಾಗಿರುವ ಪೀಸು ಅದಕ್ಕಿಂತ ಮೇಲು.

ನಂತರ ಡೀಲರ್ ಅಂಗಡಿಯಲ್ಲೇ, ಖಾಲಿ ಮಾಡಿಸಿ, ಬಿಚ್ಚಿಸಿ ನೋಡಬೇಕು:

- ನಳಿಕೆಯೊಳಗೆ ಬೆಳಕು ಹಿಡಿದಾಗ ಗೀರುಸುತ್ತು ಸ್ಪಷ್ಟ ಕಾಣಬೇಕು. ಕಪ್ಪು ಗುಳಿ ಅಂದರೆ ತುಕ್ಕು. ಒಳಗೆ ಉಂಗುರದ ಹಾಗೆ ಉಬ್ಬಿದ್ದರೆ ಹಿಂದೆ ಗುಂಡು ಸಿಕ್ಕಿಕೊಂಡು ಅದರ ಮೇಲೆ ಇನ್ನೊಂದು ಹಾರಿಸಿರಬಹುದು. ಅದು ಬೇಡ.
- ಹಿಂದೆ ಮುಂದೆ ಸರಿಯುವ ಸ್ಲೈಡ್ ಮತ್ತು ಕೆಳಗಿನ ಫ್ರೇಮ್‌ನಲ್ಲಿ ಕೂದಲೆಳೆಯ ಬಿರುಕೂ ಇರಬಾರದು.
- ಸ್ಪ್ರಿಂಗ್ ಸೋತಿದ್ದರೆ ಸ್ಲೈಡ್ ಜೋರಾಗಿ ಹೊಡೆದು ಫ್ರೇಮ್ ಹಾಳಾಗುತ್ತೆ. ಬದಲಿ ಸ್ಪ್ರಿಂಗ್ ಸಿಗುತ್ತಾ ಕೇಳಬೇಕು.
- ಮ್ಯಾಗಜಿನ್ ಬಾಯಿ ಬಾಗಿರಬಾರದು. ಹಳೇ ವಿದೇಶಿ ಪಿಸ್ತೂಲಿಗೆ ಅಸಲಿ ಮ್ಯಾಗಜಿನ್ ಸಿಗುವುದು ಕಷ್ಟ. ಗುಂಡು ಸಿಕ್ಕಿಕೊಳ್ಳುವ ತೊಂದರೆ ಬಹುಪಾಲು ಇಲ್ಲಿಂದಲೇ ಶುರು.
- ಸೇಫ್ಟಿ ಹಾಕಿದಾಗ ಟ್ರಿಗರ್ ಒತ್ತಿದರೆ ಏನೂ ಆಗಬಾರದು.

ರಿಪೇರಿ ಏನಿದ್ದರೂ ಲೈಸೆನ್ಸ್ ಇರುವ ಆರ್ಮರರ್ ಕೈಯಲ್ಲೇ ಆಗಬೇಕು. ಲೇತ್ ಅಂಗಡಿಯವರು ಎಷ್ಟೇ ಚುರುಕಾಗಿರಲಿ, ಅವರಿಂದ ಮಾಡಿಸುವುದು ಇಬ್ಬರಿಗೂ ಅಪರಾಧ.

ಗುಂಡಿನ ವಿಷಯದಲ್ಲೂ ಮೋಸ ಹೋಗುವುದುಂಟು. .32 ಪಿಸ್ತೂಲಿನ ಗುಂಡು 7.65×17 ಎಂಎಂ. .32 ರಿವಾಲ್ವರ್ ಗುಂಡು ಇದಕ್ಕಿಂತ ಉದ್ದ, ಎರಡೂ ಅದಲುಬದಲು ಆಗಲ್ಲ. ಯೂರೋಪಿನ ಹಳೇ ಪಿಸ್ತೂಲಿನ ಮೇಲೆ ಬರೀ '7.65' ಅಂತ ಇದ್ದರೆ ಡೀಲರ್ ಹತ್ತಿರ ಖಚಿತ ಮಾಡಿಕೊಳ್ಳಬೇಕು. ಯಾಕೆಂದರೆ ಜರ್ಮನಿಯ 7.65 ಪ್ಯಾರಾಬೆಲಂ ಬೇರೆಯೇ ಗುಂಡು.

ಮನೆಗೆ ತಂದ ಮೇಲೆ

ಪಿಸ್ತೂಲಿನ ಅಪಘಾತಗಳ ಹಿಂದೆ ಇರುವ ಮಾತು "ಮ್ಯಾಗಜಿನ್ ತೆಗೆದಿದ್ದೆ, ಖಾಲಿ ಅಂದುಕೊಂಡೆ" ಅನ್ನೋದು. ಮ್ಯಾಗಜಿನ್ ತೆಗೆದರೂ ನಳಿಕೆಯಲ್ಲಿ ಒಂದು ಗುಂಡು ಉಳಿದಿರಬಹುದು. ಕ್ರಮ ಹೀಗಿರಬೇಕು: ಮೊದಲು ಮ್ಯಾಗಜಿನ್ ತೆಗೆಯಿರಿ, ಆಮೇಲೆ ಸ್ಲೈಡ್ ಹಿಂದಕ್ಕೆ ಎಳೆಯಿರಿ, ಒಳಗೆ ಕಣ್ಣಿಟ್ಟು ನೋಡಿ. ಉಲ್ಟಾ ಮಾಡಿದರೆ ಸ್ಲೈಡ್ ಮುಂದೆ ಬರುವಾಗ ಇನ್ನೊಂದು ಗುಂಡು ಏರಿ ಕೂರುತ್ತೆ. ಕೋಲ್ಟ್ 1903, ಎಫ್ಎನ್ 1910 ಮಾದರಿಗಳಲ್ಲಿ ಹ್ಯಾಮರ್ ಹೊರಗೆ ಕಾಣುವುದಿಲ್ಲ, ಸಜ್ಜಾಗಿದೆಯೋ ಇಲ್ಲವೋ ನೋಡಿ ಹೇಳೋಕಾಗಲ್ಲ. ಹಳೇ ವಿನ್ಯಾಸಗಳಲ್ಲಿ ಕೆಳಗೆ ಬಿದ್ದಾಗ ಗುಂಡು ಹಾರದಂತೆ ತಡೆಯುವ ವ್ಯವಸ್ಥೆ ಸಾಮಾನ್ಯವಾಗಿ ಇರಲ್ಲ. ನಳಿಕೆಯಲ್ಲಿ ಗುಂಡು ಇಟ್ಟು ಸೊಂಟಕ್ಕೆ ಸಿಕ್ಕಿಸಿಕೊಳ್ಳಬಾರದು.

ಇಡಬೇಕಾದ್ದು ಬೀಗ ಇರುವ ಸ್ಟೀಲ್ ಪೆಟ್ಟಿಗೆಯಲ್ಲಿ, ಗುಂಡು ಬೇರೆ ಜಾಗದಲ್ಲಿ. ಅಂಗಡಿಯ ಗಲ್ಲಾಪೆಟ್ಟಿಗೆ, ಕಾರಿನ ಡ್ಯಾಶ್‌ಬೋರ್ಡ್ ಜಾಗವಲ್ಲ. ಚರ್ಮದ ಹೋಲ್ಸ್ಟರ್‌ನಲ್ಲೇ ಬಿಟ್ಟರೆ ಮಳೆಗಾಲದ ತೇವ ಹಿಡಿದು ತುಕ್ಕು ಬರುತ್ತೆ. ಒಣ ಬಟ್ಟೆಯಲ್ಲಿ ಒರೆಸಿ, ತೆಳ್ಳಗೆ ಎಣ್ಣೆ ಹಚ್ಚಿ ಇಡಬೇಕು.

ಮದುವೆ, ಜಾತ್ರೆಯಲ್ಲಿ ಖುಷಿಗೆ ಗಾಳಿಯಲ್ಲಿ ಹಾರಿಸಿ ಜನರ ಜೀವಕ್ಕೆ ಅಪಾಯ ತಂದರೆ 2 ವರ್ಷದವರೆಗೆ ಜೈಲು ಅಥವಾ 1 ಲಕ್ಷದವರೆಗೆ ದಂಡ, ಅಥವಾ ಎರಡೂ. ಕಳೆದುಹೋದರೆ, ಕಳುವಾದರೆ ಅದೇ ದಿನ ಠಾಣೆಗೆ ದೂರು ಕೊಡಬೇಕು. ಚುನಾವಣೆ ಹೊತ್ತಿಗೆ ಠೇವಣಿ ಇಡಲು ಆದೇಶ ಬಂದರೆ ಠಾಣೆ ಅಥವಾ ಡೀಲರ್ ಹತ್ತಿರ ಇಟ್ಟು, ನಂಬರ್ ಬರೆದ ರಸೀದಿ ತಗೊಳ್ಳಬೇಕು.

ಮಾಲೀಕರು ತೀರಿಕೊಂಡರೆ

ಹೆಚ್ಚು ಮನೆಗಳು ಸಿಕ್ಕಿಬೀಳುವುದು ಇಲ್ಲೇ. ಲೈಸೆನ್ಸ್ ವ್ಯಕ್ತಿಯ ಹೆಸರಲ್ಲಿ ಇರುತ್ತೆ, ಮನೆತನದ ಹೆಸರಲ್ಲಿ ಅಲ್ಲ. ಯಜಮಾನರು ಹೋದ ಮೇಲೆ ಬೀರುವಿನಲ್ಲಿ ಉಳಿದ ಪಿಸ್ತೂಲು ಲೈಸೆನ್ಸ್ ಇಲ್ಲದ ಆಯುಧ. ಇಟ್ಟುಕೊಂಡವರಿಗೆ ಕನಿಷ್ಠ 2 ವರ್ಷ, ಗರಿಷ್ಠ 5 ವರ್ಷ ಶಿಕ್ಷೆ ಇದೆ. "ನಮ್ಮ ಯಜಮಾನರದ್ದು" ಅನ್ನೋದು ಕಾನೂನಿಗೆ ಉತ್ತರ ಆಗಲ್ಲ.

21ನೇ ಕಲಂ ಪ್ರಕಾರ ಅದನ್ನು ತಡಮಾಡದೆ ಠಾಣೆಯಲ್ಲೋ ಲೈಸೆನ್ಸ್ ಇರುವ ಡೀಲರ್ ಹತ್ತಿರವೋ ಠೇವಣಿ ಇಡಬೇಕು. ವಾರಸುದಾರರಲ್ಲಿ ಒಬ್ಬರು, ಉಳಿದವರ ಒಪ್ಪಿಗೆ ಪತ್ರ ಮತ್ತು ಮರಣ ಪ್ರಮಾಣಪತ್ರ ಇಟ್ಟು ತಮ್ಮ ಹೆಸರಿಗೆ ಲೈಸೆನ್ಸ್ ಕೇಳಬಹುದು, ಇಲ್ಲವೇ ಡೀಲರ್ ಮೂಲಕ ಮಾರಬಹುದು. ಏನೂ ಮಾಡದೆ ಬಿಟ್ಟರೆ ಸರ್ಕಾರದ ವಶವಾಗುತ್ತೆ.

ಬದುಕಿರುವಾಗಲೇ ವರ್ಗಾಯಿಸುವ ದಾರಿಯೂ ಇದೆ. 2016ರ ನಿಯಮದಂತೆ ಲೈಸೆನ್ಸ್‌ದಾರರಿಗೆ 70 ವರ್ಷ ತುಂಬಿದ್ದರೆ, ಅಥವಾ ಆಯುಧ ಅವರ ಬಳಿ 25 ವರ್ಷ ಇದ್ದಿದ್ದರೆ, ತಾವು ಸೂಚಿಸಿದ ವಾರಸುದಾರರಿಗೆ ಲೈಸೆನ್ಸ್ ಕೊಡುವಂತೆ ಕೇಳಬಹುದು. ಆ ವಾರಸುದಾರರ ಅರ್ಹತೆಯ ಪರಿಶೀಲನೆ ಎಂದಿನಂತೆ ನಡೆಯುತ್ತೆ. ತೆಗೆದುಕೊಳ್ಳುವ ಮನಸ್ಸು ಮಕ್ಕಳಿಗೆ ಇಲ್ಲದಿದ್ದರೆ ಮಾಲೀಕರೇ ನಿಂತು ಮಾರಿಬಿಡುವುದು ಎಲ್ಲಕ್ಕಿಂತ ಸಲೀಸು.

ಅಲ್ಲಿಯವರೆಗೆ ಮಾಡಬೇಕಾದ ಕೆಲಸ ಒಂದಿದೆ. ಲೈಸೆನ್ಸ್ ಪ್ರತಿ, ಬಿಲ್, ಪಿಸ್ತೂಲಿನ ನಂಬರ್, ನವೀಕರಣದ ದಿನಾಂಕ ಇವಿಷ್ಟನ್ನೂ ಒಂದು ಕವರ್‌ನಲ್ಲಿ ಹಾಕಿ ಮನೆಯಲ್ಲಿ ಒಬ್ಬರಿಗಾದರೂ ಎಲ್ಲಿದೆ ಅಂತ ಹೇಳಿಡಬೇಕು. ಬೀರುವಿನಲ್ಲಿ ಪಿಸ್ತೂಲು ಇದೆ ಅನ್ನೋದು ಹೆಂಡತಿ, ಮಕ್ಕಳಿಗೆ ಪೊಲೀಸರು ಬಂದ ದಿನ ಗೊತ್ತಾಗುವಂತೆ ಆಗಬಾರದು.