ಗಡಿಯ ಎರಡೂ ಕಡೆ ಒಂದೇ ನಾಯಕ

ಎನ್. ನರಸಿಂಹಯ್ಯನವರ ಪತ್ತೇದಾರ ಪುರುಷೋತ್ತಮ ಕನ್ನಡ ಓದುಗರಿಗೆ ಏನಾಗಿದ್ದನೋ, ಉರ್ದು ಓದುಗರಿಗೆ ಫರೀದಿ, ಹಮೀದ್ ಮತ್ತು ಇಮ್ರಾನ್ ಅದೇ ಆಗಿದ್ದರು. ಸಾಹಿತ್ಯ ವಿಮರ್ಶೆ ಇವರನ್ನು ಬಹುಕಾಲ ಹೊಸ್ತಿಲ ಹೊರಗೇ ನಿಲ್ಲಿಸಿತ್ತು. ಜನ ಮಾತ್ರ ಮನೆಯೊಳಗೆ ಕರೆದು ಕೂರಿಸಿಕೊಂಡರು. ದೇಶ ಒಡೆದು ಎರಡಾದ ಮೇಲೆ ಹುಟ್ಟಿದ ಈ ಪಾತ್ರಗಳು ಎರಡೂ ದೇಶಗಳ ಓದುಗರಿಗೆ 'ನಮ್ಮವರು' ಎನಿಸಿದ್ದು ಹೇಗೆ ಎಂಬುದು ಯೋಚಿಸಬೇಕಾದ ಸಂಗತಿ.

ಇವರನ್ನು ಬರೆದವರು ಇಬ್ನೆ ಸಫಿ. ನಿಜ ಹೆಸರು ಅಸ್ರಾರ್ ಅಹ್ಮದ್. 1928ರ ಜುಲೈ 26ರಂದು ಅಲಹಾಬಾದ್ ಜಿಲ್ಲೆಯ ನಾರಾ ಎಂಬ ಊರಿನಲ್ಲಿ ಹುಟ್ಟಿದವರು. ಮೊದಲು ಕವಿತೆ, ವಿಡಂಬನೆ ಬರೆಯುತ್ತಿದ್ದರು. ಅಶ್ಲೀಲತೆ ಇಲ್ಲದಿದ್ದರೆ ಜನಪ್ರಿಯ ಪುಸ್ತಕ ಮಾರಾಟವಾಗುವುದಿಲ್ಲ ಎಂಬ ಮಾತು ಆಗ ಸಾಹಿತ್ಯ ಗೆಳೆಯರ ನಡುವೆ ಚರ್ಚೆಗೆ ಬಂತು. ಅದನ್ನು ಸುಳ್ಳು ಮಾಡಿ ತೋರಿಸಲು ಅವರು ಪತ್ತೇದಾರಿಯನ್ನು ಕೈಗೆತ್ತಿಕೊಂಡರು. 1952ರ ಮಾರ್ಚ್‌ನಲ್ಲಿ ಅಲಹಾಬಾದಿನಿಂದ 'ಜಾಸೂಸಿ ದುನಿಯಾ' ಮಾಲೆಯ ಮೊದಲ ಕಾದಂಬರಿ 'ದಿಲೇರ್ ಮುಜ್ರಿಮ್' ಹೊರಬಂತು. ಅದೇ ವರ್ಷ ಆಗಸ್ಟ್‌ನಲ್ಲಿ ಅವರು ಕರಾಚಿಗೆ ಹೋಗಿ ನೆಲೆಸಿದರು. ಲೇಖಕ ಗಡಿ ದಾಟಿದರೂ ಅಲಹಾಬಾದಿನ ಪ್ರಕಾಶಕ ಅಬ್ಬಾಸ್ ಹುಸೇನಿಯವರೊಂದಿಗಿನ ನಂಟು ಕಡಿಯಲಿಲ್ಲ. ಮುಂದೆ ಅವರ ಕಾದಂಬರಿಗಳು ಅಲಹಾಬಾದಿನಲ್ಲೂ ಅಚ್ಚಾದವು, ಕರಾಚಿಯಲ್ಲೂ ಅಚ್ಚಾದವು.

ಫರೀದಿ ಮೊದಲು ಇನ್ಸ್‌ಪೆಕ್ಟರ್, ನಂತರ ಕರ್ನಲ್. ಹುಟ್ಟು ಶ್ರೀಮಂತ. ಸಂಬಳಕ್ಕಾಗಿ ದುಡಿಯುವವನಲ್ಲ. ಹಾಗಾಗಿ ಅವನನ್ನು ಹಣದಿಂದ ಕೊಳ್ಳಲಾಗದು, ಅಧಿಕಾರದಿಂದ ಹೆದರಿಸಲಾಗದು. ಮನುಷ್ಯ ಕಾನೂನನ್ನು ಗೌರವಿಸಲು ಕಲಿಯಬೇಕೆಂಬುದೇ ತಮ್ಮ ಬರವಣಿಗೆಯ ಉದ್ದೇಶವೆಂದು ಇಬ್ನೆ ಸಫಿ ಹೇಳಿಕೊಂಡಿದ್ದರು. 1947ರ ರಕ್ತಪಾತದಲ್ಲಿ ಕಾನೂನು ಕೈಕಟ್ಟಿ ನಿಂತದ್ದನ್ನು ಕಣ್ಣಾರೆ ಕಂಡ ತಲೆಮಾರು ಅದು. ಮಣಿಯದ ಒಬ್ಬ ಅಧಿಕಾರಿ ಕಾಗದದ ಮೇಲಾದರೂ ಇದ್ದಾನಲ್ಲ ಎಂಬುದು ಅವರಿಗೆ ಸಣ್ಣ ಸಮಾಧಾನವಾಗಿರಲಿಲ್ಲ.

ಆದರೆ ಬರೀ ಆದರ್ಶ ಪುರುಷನನ್ನು ಎಷ್ಟು ಹೊತ್ತು ನೋಡುತ್ತ ಕೂರುವುದು? ಅದಕ್ಕೇ ಪಕ್ಕದಲ್ಲಿ ಹಮೀದ್ ಇದ್ದಾನೆ. ಕೆಲಸ ಎಂದರೆ ಗೊಣಗುತ್ತಾನೆ, ಹೆಣ್ಣು ಕಂಡರೆ ಮಾತಿಗಿಳಿಯುತ್ತಾನೆ, ಆಡು ಸಾಕಿಕೊಂಡು ಊರನ್ನೇ ನಗಿಸುತ್ತಾನೆ. ಅಪಾಯ ಎದುರಾದಾಗ ಮಾತ್ರ ಬೆನ್ನು ತೋರಿಸುವುದಿಲ್ಲ. ಫರೀದಿಯನ್ನು ಓದುಗ ಗೌರವಿಸಿದ. ಹಮೀದನಲ್ಲಿ ತನ್ನನ್ನೇ ಕಂಡುಕೊಂಡ.

1955ರಲ್ಲಿ ಬಂದ ಅಲಿ ಇಮ್ರಾನನ ಮೋಡಿ ಇನ್ನೊಂದು ಬಗೆಯದು. ದೊಡ್ಡ ಓದು ಓದಿದವನು. ಮುಖದಲ್ಲಿ ಮಾತ್ರ ಸದಾ ಪೆದ್ದುತನ, ಬಾಯಲ್ಲಿ ಚ್ಯೂಯಿಂಗ್ ಗಮ್. ಗುಪ್ತಚರ ಇಲಾಖೆಯ ದೊಡ್ಡ ಅಧಿಕಾರಿಯಾದ ತಂದೆಗೆ ಈ ಮಗ ಪ್ರಯೋಜನಕ್ಕೆ ಬಾರದವನು. ಆದರೆ ರಹಸ್ಯ ಸೇವೆಯ ಮುಖ್ಯಸ್ಥ 'ಎಕ್ಸ್-ಟು' ಇವನೇ. ಎದುರಿಗೆ ಇಮ್ರಾನನನ್ನು ಗೇಲಿ ಮಾಡುವ ಅದೇ ಕೈಕೆಳಗಿನವರು, ಫೋನಿನಲ್ಲಿ ಎಕ್ಸ್-ಟು ದನಿ ಕೇಳಿದೊಡನೆ ನಡುಗುತ್ತಾರೆ. ಮನೆಯಲ್ಲೋ ಕಚೇರಿಯಲ್ಲೋ 'ಇವನಿಂದ ಏನೂ ಆಗದು' ಎನಿಸಿಕೊಂಡ ಪ್ರತಿಯೊಬ್ಬನಿಗೂ ಇಮ್ರಾನ್ ಒಳಗೊಳಗೇ ಇಷ್ಟವಾಗದೆ ಇರುತ್ತಾನೆಯೇ?

1960ರಿಂದ ಸುಮಾರು ಮೂರು ವರ್ಷ ತೀವ್ರ ಮಾನಸಿಕ ಕಾಯಿಲೆಯಿಂದಾಗಿ ಇಬ್ನೆ ಸಫಿಯವರ ಲೇಖನಿ ನಿಂತುಹೋಯಿತು. 1963ರಲ್ಲಿ 'ಡೇಢ್ ಮತ್ವಾಲೇ' ಮೂಲಕ ಅವರು ಮರಳಿದರು. ಕರಾಚಿಯಲ್ಲಿ ಕೂತು ಬರೆದ ಆ ಕಾದಂಬರಿಯನ್ನು ಅಲಹಾಬಾದಿನಲ್ಲಿ ಬಿಡುಗಡೆ ಮಾಡಿದವರು ಲಾಲ್ ಬಹದ್ದೂರ್ ಶಾಸ್ತ್ರಿ. ಎರಡೇ ವರ್ಷಗಳಲ್ಲಿ, 1965ರಲ್ಲಿ, ಎರಡೂ ದೇಶಗಳು ಯುದ್ಧಕ್ಕಿಳಿದವು. ಆಗ ನಮ್ಮ ಪ್ರಧಾನಿಯಾಗಿದ್ದವರು ಅದೇ ಶಾಸ್ತ್ರಿಯವರು!

ಈ ಪಾತ್ರಗಳು ಯಾವ ದೇಶದವು? ಇಬ್ನೆ ಸಫಿ ಸಾಮಾನ್ಯವಾಗಿ ದೇಶದ ಹೆಸರನ್ನೇ ಹೇಳುತ್ತಿರಲಿಲ್ಲ. ಹಾಗಾಗಿ ಗಡಿಯ ಈಚಿನವರು ಅದನ್ನು ತಮ್ಮ ದೇಶವೆಂದುಕೊಂಡರು, ಆಚಿನವರು ತಮ್ಮದೆಂದುಕೊಂಡರು. ಶತ್ರುವೂ ನೆರೆಯವನಾಗಿರಲಿಲ್ಲ, ಜಗತ್ತನ್ನೇ ಹಿಡಿತಕ್ಕೆ ತರಲು ಹೊಂಚುವ 'ಝೀರೋಲ್ಯಾಂಡ್' ಎಂಬ ಕಲ್ಪಿತ ಶಕ್ತಿ ಅವರ ದೊಡ್ಡ ವೈರಿಯಾಗಿತ್ತು.

ಇನ್ನೊಂದು ಸಂಗತಿಯನ್ನು ಹೇಳಲೇಬೇಕು. ಈ ಕಾದಂಬರಿಗಳು ಹಿಂದಿಗೆ ಬಂದಾಗ ಫರೀದಿ 'ವಿನೋದ್' ಆದ, ಇಮ್ರಾನ್ 'ರಾಜೇಶ್' ಆದ. ಹಮೀದ್ ಮಾತ್ರ ಹಮೀದ್ ಆಗಿಯೇ ಉಳಿದ. ಜೊತೆಗಾರನ ಹೆಸರು ಹಾಗೇ ಇರಬಹುದು, ನಾಯಕನದು ಬೇಡವೆಂದೇ? ಮುಸ್ಲಿಂ ಓದುಗನಿಗೆ ಈ ಪ್ರಶ್ನೆ ಚುಚ್ಚದೆ ಇರದು. ಆದರೆ ಇದಕ್ಕೆ ಇನ್ನೊಂದು ಮಗ್ಗುಲೂ ಇದೆ. ಹೆಸರು ಬದಲಾದರೂ ನಡೆ ಬದಲಾಗಲಿಲ್ಲ. ಹಿಂದಿ ಓದುಗ ವಿನೋದನೆಂದು ಮೆಚ್ಚಿಕೊಂಡದ್ದು ಫರೀದಿಯ ನ್ಯಾಯನಿಷ್ಠೆಯನ್ನೇ.

ಇಬ್ನೆ ಸಫಿ 1980ರ ಜುಲೈ 26ರಂದು, ಹುಟ್ಟಿದ ದಿನಾಂಕದಂದೇ, ತೀರಿಕೊಂಡರು. ವಿಮರ್ಶಕ ಶಂಸುರ್ ರಹಮಾನ್ ಫಾರೂಕಿ ನಾಲ್ಕು ಕಾದಂಬರಿಗಳನ್ನು ಇಂಗ್ಲಿಷಿಗೆ ಅನುವಾದಿಸಿ 2011ರಲ್ಲಿ ಪ್ರಕಟಿಸಿದಾಗ ವಿಮರ್ಶೆಯ ಹಳೆಯ ಸಾಲ ಕೊಂಚ ತೀರಿತು. ಓದುಗರು ಮಾತ್ರ ಯಾವ ಸಾಲವನ್ನೂ ಉಳಿಸಿಕೊಂಡಿರಲಿಲ್ಲ. ನಕಾಶೆಯಲ್ಲಿ ಎರಡಾದ ನೆಲದ ಜನ ಒಂದೇ ಪುಟಕ್ಕೆ ನಕ್ಕಿದ್ದರು, ಒಂದೇ ಪುಟಕ್ಕೆ ಉಸಿರು ಬಿಗಿಹಿಡಿದಿದ್ದರು.