ಗೌಸನ ಲ್ಯಾಟಿನ್ ಲೇಖನವೂ ಗಣಕಯಂತ್ರದ ಕ್ರಮವಿಧಿಯೂ

ಗಣಿತ, ಭೌತಶಾಸ್ತ್ರ, ಗಣಕಯಂತ್ರದ ಕ್ರಮವಿಧಿ ಎಂಬೀ ಮೂರಕ್ಕೂ ಇರುವ ಸಂಬಂಧವು ಒಂದು ಲೇಖನದ ಚರಿತ್ರೆಯಿಂದ ವಿಶದವಾಗುವುದು. ಹಸ್ತಪ್ರತಿಗಳನ್ನು ಶೋಧಿಸುವವರಿಗೂ ಅದು ವಿಚಾರಣೀಯವಾದುದು.

ಲೋಹಾದಿ ಘನವಸ್ತುಗಳಲ್ಲಿ ಉಷ್ಣವು ಸಂಚರಿಸುವ ಬಗೆಯನ್ನು ವಿಚಾರಿಸುತ್ತ ಫ್ರಾನ್ಸಿನ ಫೂರ್ಯೇ ಎಂಬ ವಿದ್ವಾಂಸನು 1807ರಲ್ಲಿ, ಎಂತಹ ವಕ್ರರೇಖೆಯನ್ನಾದರೂ ಜ್ಯಾ-ಕೋಟಿಜ್ಯಾಪದಗಳ ಸಂಕಲನವಾಗಿ ಬಿಡಿಸಬಹುದೆಂದು ಪ್ರತಿಪಾದಿಸಿದನು. ಲಗ್ರಾಂಜನು ಆಕ್ಷೇಪಿಸಿದನು, ಗ್ರಂಥವು 1822ರಲ್ಲಿ ಪ್ರಕಟವಾಯಿತು. ಈ ವಿಭಜನೆಗೆ ತಗಲುವ ಶ್ರಮವಾದರೋ ಅಪಾರವಾದುದು: 1024 ಮಾನಗಳಿದ್ದರೆ ನೇರವಾದ ಮಾರ್ಗದಲ್ಲಿ 10 ಲಕ್ಷಕ್ಕೂ ಮಿಕ್ಕ ಗುಣಾಕಾರಗಳು ಬೇಕು. 1965ರಲ್ಲಿ ಅಮೆರಿಕದ ಕೂಲೀ, ಟ್ಯೂಕೀ ಎಂಬಿಬ್ಬರು, ಮಾನಗಳನ್ನು ಮತ್ತೆ ಮತ್ತೆ ವಿಭಾಗಿಸಿ ಗಣಿಸುವ ವಿಧಿಯನ್ನು ಗಣಕಯಂತ್ರಕ್ಕಾಗಿ ಪ್ರಕಟಿಸಲು, ಆ ಶ್ರಮವು 10 ಸಾವಿರದ ಪ್ರಮಾಣಕ್ಕೆ ಇಳಿಯಿತು. ದೂರದ ಪರಮಾಣುಸ್ಫೋಟಗಳನ್ನು ಭೂಕಂಪನಗಳಿಂದ ಗುರುತಿಸಬೇಕೆಂಬುದು ಅದಕ್ಕೊಂದು ಪ್ರೇರಣೆಯಾಗಿದ್ದಿತು.

ಆದರೆ ಯುಕ್ತಿಯು ನೂತನವಲ್ಲ. ಜರ್ಮನಿಯ ಗೌಸನು ಸುಮಾರು 1805ರಲ್ಲಿಯೇ, ಪಲ್ಲಾಸ್ ಎಂಬ ಕ್ಷುದ್ರಗ್ರಹದ 12 ಸ್ಥಾನಗಳನ್ನು ಸಣ್ಣ ಗುಂಪುಗಳಾಗಿ ವಿಂಗಡಿಸಿ ಇದನ್ನೇ ಸಾಧಿಸಿದ್ದನು. 1855ರಲ್ಲಿ ಆತನು ಗತಿಸಿದ ಮೇಲೆ, 1866ರಲ್ಲಿ, ಆ ಲ್ಯಾಟಿನ್ ಲೇಖನವು ಅಚ್ಚಾಯಿತು. ಆದರೂ ಬಲ್ಲವರು ವಿರಳರಾಗಿಯೇ ಉಳಿದರು. 1984ರಲ್ಲಿ ಮೂವರು ಸಂಶೋಧಕರು ಅದನ್ನು ಸಾದ್ಯಂತವಾಗಿ ಪರಿಶೀಲಿಸಿ ಗೌಸನ ಪ್ರಾಥಮ್ಯವನ್ನು ಸ್ಥಾಪಿಸಿದರು.

ಮುದ್ರಣಮಾತ್ರದಿಂದ ಗ್ರಂಥೋದ್ಧಾರವಾಗದೆಂಬುದು ಇದರಿಂದ ಸಿದ್ಧವಾಯಿತು. ಭಾಷೆಯನ್ನು ಬಲ್ಲವನಿಗೆ ಗಣಿತವು ತಿಳಿಯದು, ಗಣಿತವನ್ನು ಬಲ್ಲವನಿಗೆ ಭಾಷೆಯು ತಿಳಿಯದು. ನಮ್ಮ ಭಂಡಾರಗಳ ಜ್ಯೋತಿಷಗಣಿತದ ಓಲೆಗಳಿಗೂ ಈ ಮಾತು ಸಲ್ಲುವುದು. ಅವರಿಬ್ಬರೂ ಒಂದೇ ಓಲೆಯ ಮುಂದೆ ಜೊತೆಯಾಗಿ ಕುಳಿತಲ್ಲದೆ ಅದರ ಅರ್ಥವು ಬೆಳಕಿಗೆ ಬಾರದು.