ಹನ್ನೆರಡು ಜನರ ಮುಂದಾಳು

ಕ್ರೈಸ್ತ ಪುಸ್ತಕದಂಗಡಿಗೆ ಹೋದರೆ ಈಗ 'ಸಭೆಯ ಬೆಳವಣಿಗೆ' ಎಂಬ ವಿಷಯಕ್ಕೇ ಒಂದು ಕಪಾಟು ಸಿಗುತ್ತದೆ. ನಾಯಕನಿಗೆ ಇರಬೇಕಾದ ಗುಣಗಳು, ಸಭೆ ಎರಡು ಪಟ್ಟಾಗಲು ಇಡಬೇಕಾದ ಹೆಜ್ಜೆಗಳು, ಹೀಗೆ. ಹೆಚ್ಚಿನವು ಇಂಗ್ಲಿಷಿನಿಂದ ಬಂದವು. ಓದುವಾಗ ಇದೆಲ್ಲ ಅಮೆರಿಕದ ದೊಡ್ಡ ನಗರಗಳಲ್ಲಿ ಹುಟ್ಟಿದ ವಿದ್ಯೆ ಅನ್ನಿಸುತ್ತದೆ. ಆದರೆ ಅದರ ಬೇರನ್ನು ಹುಡುಕುತ್ತ ಹೋದರೆ ಎದುರಾಗುವುದು ಹಳೆಯ ಹೈದರಾಬಾದ್ ಸಂಸ್ಥಾನದ ಹಳ್ಳಿಗಳು. ನಮ್ಮ ಘಾಟಬೋರಾಳದಿಂದ ಅಲ್ಲಿಗೆ ಅರ್ಧ ದಿನದ ದಾರಿ.

1933ರಲ್ಲಿ ಜೆ. ವಾಸ್ಕಮ್ ಪಿಕೆಟ್ ಎಂಬ ಅಮೆರಿಕನ್ ಮೆಥೊಡಿಸ್ಟ್ ಮಿಷನರಿ ಭಾರತದ ಸಾಮೂಹಿಕ ಮತಾಂತರಗಳನ್ನು ಕುರಿತ ಅಧ್ಯಯನವೊಂದನ್ನು ಪ್ರಕಟಿಸಿದರು. ರಾಷ್ಟ್ರೀಯ ಕ್ರೈಸ್ತ ಪರಿಷತ್ತು ಒಪ್ಪಿಸಿದ ಕೆಲಸ ಅದು. ಅವರು ಆರಿಸಿಕೊಂಡ ಪ್ರದೇಶಗಳಲ್ಲಿ ವಿಕಾರಾಬಾದ್ ಒಂದು. ಅಂದು ಬೀದರ್ ಕೂಡ ಅದೇ ಸಂಸ್ಥಾನದ್ದು. ಮೆಥೊಡಿಸ್ಟ್ ಮಿಷನ್ನಿನ ಕೆಲಸ ಎರಡೂ ಕಡೆ ಇತ್ತು. ಪಿಕೆಟ್ ಅವರಿಂದ ಪ್ರಭಾವಿತರಾದ ಡೊನಾಲ್ಡ್ ಮೆಕ್‌ಗವ್ರನ್, 1897ರಲ್ಲಿ ಮಧ್ಯ ಭಾರತದ ದಮೋಹದಲ್ಲಿ ಹುಟ್ಟಿದವರು, 1955ರಲ್ಲಿ 'ದಿ ಬ್ರಿಜಸ್ ಆಫ್ ಗಾಡ್' ಬರೆದರು. ಮುಂದೆ 1965ರಿಂದ ಕ್ಯಾಲಿಫೋರ್ನಿಯಾದ ಫುಲ್ಲರ್ ಸೆಮಿನರಿಯಲ್ಲಿ ಇದನ್ನೇ ಪಾಠ ಮಾಡಿದರು. ನಮ್ಮ ಕಡೆಯ ಅನುಭವ ಹೀಗೆ ಸಮುದ್ರ ದಾಟಿ, ಸೂತ್ರವಾಗಿ, ಮತ್ತೆ ನಮ್ಮ ಕಪಾಟಿಗೆ ಬಂತು. ಈ ಪ್ರಯಾಣದಲ್ಲಿ ಅದರ ಮುಖ್ಯ ಪಾಠವೊಂದು ತೆಳುವಾಯಿತು ಎಂಬುದು ನನ್ನ ಅನಿಸಿಕೆ. ಆ ಪಾಠ ನಾಯಕತ್ವಕ್ಕೆ ಸಂಬಂಧಿಸಿದ್ದು.

ಮೆಥೊಡಿಸ್ಟರ ನಾಯಕತ್ವದ ಮೂಲ ಒಂದು ಸಾಲದ ಲೆಕ್ಕದಲ್ಲಿದೆ. 1742ರ ಫೆಬ್ರುವರಿಯಲ್ಲಿ ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿ ಜಾನ್ ವೆಸ್ಲಿಯ ಅನುಯಾಯಿಗಳು ತಮ್ಮ ಸಭಾಗೃಹದ ಸಾಲ ತೀರಿಸುವುದು ಹೇಗೆಂದು ಚರ್ಚಿಸುತ್ತಿದ್ದರು. ಪ್ರತಿಯೊಬ್ಬರೂ ವಾರಕ್ಕೊಂದು ಪೆನ್ನಿ ಕೊಡಲಿ ಎಂದು ಕ್ಯಾಪ್ಟನ್ ಫಾಯ್ ಎಂಬವರು ಸೂಚಿಸಿದರು. ಅಷ್ಟೂ ಕೊಡಲಾಗದ ಬಡವರು ಇದ್ದಾರಲ್ಲ ಎಂಬ ಮಾತು ಬಂತು. ಹಾಗಾದರೆ ಹನ್ನೊಂದು ಮಂದಿಯನ್ನು ನನಗೆ ವಹಿಸಿ, ಅವರು ಕೊಡದಿದ್ದರೆ ನಾನೇ ತುಂಬುತ್ತೇನೆ ಎಂದರು ಫಾಯ್. ಇನ್ನೂ ಕೆಲವರು ಹಾಗೆಯೇ ಒಪ್ಪಿಕೊಂಡರು. ಕಾಸು ಕೇಳಲು ಮನೆಮನೆಗೆ ಹೋದವರಿಗೆ ಆ ಮನೆಗಳ ಕಷ್ಟ, ಕುಡಿತ, ಜಗಳ, ಕಾಯಿಲೆ ಎಲ್ಲ ತಿಳಿಯತೊಡಗಿತು. ಸಾಲ ವಸೂಲಿಯ ಏರ್ಪಾಡು ಆತ್ಮಗಳ ಯೋಗಕ್ಷೇಮದ ಏರ್ಪಾಡಾಯಿತು. ಅದೇ 'ಕ್ಲಾಸ್', ಅದನ್ನು ನೋಡಿಕೊಳ್ಳುವವರು ಕ್ಲಾಸ್ ಲೀಡರ್. ಅವರು ಪಾದ್ರಿಗಳಲ್ಲ, ಸಂಬಳದವರಲ್ಲ, ಹೆಂಗಸರೂ ಇದ್ದರು. ಹನ್ನೆರಡು ಜನರ ಗುಂಪಿನಲ್ಲಿ ತಾನೂ ಒಬ್ಬನಾಗಿದ್ದು, ಉಳಿದವರ ಕೊರತೆಯನ್ನು ತನ್ನ ಕೈಯಿಂದ ತುಂಬಲು ಒಪ್ಪಿದವನೇ ಮುಂದಾಳು.

ಈ ಪರಂಪರೆಯ ಅಮೆರಿಕನ್ ಶಾಖೆ ದಕ್ಷಿಣ ಭಾರತಕ್ಕೆ ಬಂದದ್ದು 1870ರ ದಶಕದಲ್ಲಿ, ವಿಲಿಯಂ ಟೇಲರ್ ಎಂಬ ಅಮೆರಿಕನ್ ಪ್ರಚಾರಕನ ಜೊತೆ. ಸಭೆ ತನ್ನ ಖರ್ಚನ್ನು ತಾನೇ ಹೊರಬೇಕು, ಹೊರಗಿನ ಹಣ ಬೇಡ ಎಂಬುದು ಅವನ ಹಟ. ಬೆಂಗಳೂರು, ಮದ್ರಾಸುಗಳ ಇಂಗ್ಲಿಷ್ ಮಾತಾಡುವ ನೌಕರವರ್ಗದ ನಡುವೆ ಅದು ನಡೆಯಿತು. ಹಳ್ಳಿಗಳಿಗೆ ಬಂದಾಗ ಕಷ್ಟವಾಯಿತು. ನಿಜಾಮರ ಸೀಮೆಯಲ್ಲಿ ಸಭೆ ಸೇರಿದವರಲ್ಲಿ ಹೆಚ್ಚಿನವರು ಅಸ್ಪೃಶ್ಯರೆಂದು ಊರ ಹೊರಗೆ ಇಡಲ್ಪಟ್ಟವರು, ಬಿಟ್ಟಿ ಚಾಕರಿ ಮಾಡುತ್ತಿದ್ದವರು. ವಾರಕ್ಕೊಂದು ಕಾಸು ಎಂಬುದೂ ಅಲ್ಲಿ ಸಣ್ಣ ಮಾತಾಗಿರಲಿಲ್ಲ.

ಇಲ್ಲಿ ಮಂಗಳೂರಿನ ನೆನಪು ಬೇಕು. 1834ರಲ್ಲಿ ಕರಾವಳಿಗೆ ಬಂದ ಬಾಸೆಲ್ ಮಿಷನ್ನಿಗೆ ಸೇರಿದವರು ಹೆಚ್ಚಾಗಿ ಒಬ್ಬೊಬ್ಬರಾಗಿ, ಮನೆ ಬಿಟ್ಟು ಬಂದವರು. ಸಾರಸ್ವತ ಬ್ರಾಹ್ಮಣ ಯುವಕ ಆನಂದರಾವ್ ಕೌಂಡಿನ್ಯ 1844ರಲ್ಲಿ ದೀಕ್ಷಾಸ್ನಾನ ಪಡೆದು, ಬಾಸೆಲ್‌ಗೆ ಹೋಗಿ ಓದಿ, ಪಾದ್ರಿಯಾಗಿ ಮರಳಿದರು. ಮನೆಯಿಂದ, ಕುಲಕಸುಬಿನಿಂದ ಹೊರಬಿದ್ದವರಿಗೆ ಅನ್ನದ ದಾರಿ ತೋರಿಸಬೇಕಾಯಿತು. ನೇಯ್ಗೆ ಬಂತು, 1865ರಲ್ಲಿ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ಬಂತು. ಕನ್ನಡಕ್ಕೆ ಪತ್ರಿಕೆ, ನಿಘಂಟು, ಮುದ್ರಣ ದೊರೆತವು. ಆದರೆ ಸಭೆಯ ಹಿರಿಯನೂ ಕಾರ್ಖಾನೆಯ ಧಣಿಯೂ ಒಂದೇ ಕಡೆಯವರಾದರು.

ವಿಕಾರಾಬಾದ್, ಬೀದರ್ ಸೀಮೆಯ ಕಥೆ ಬೇರೆ. ಇಲ್ಲಿ ಕೇರಿಗೆ ಕೇರಿಯೇ, ಬೀಗರು ಬಿಜ್ಜರ ಸಮೇತ, ಸಭೆಗೆ ಬಂತು. ಯಾರೂ ಮನೆ ಬಿಡಲಿಲ್ಲ. ನಿರ್ಧಾರ ಮಾಡಿದವರು ಕೇರಿಯ ಹಿರಿಯರು. ಮಿಷನರಿ ಬಂಗಲೆಯಲ್ಲಿದ್ದು ವರ್ಷಕ್ಕೆ ಕೆಲವು ಸಲ ಬಂದುಹೋಗುವವನು. ದಿನವೂ ಇದ್ದವರು ಅರೆಬರೆ ಓದಿದ ಒಬ್ಬ ಮಾಸ್ತರ್, ಅವನ ಹೆಂಡತಿ, ಮನೆಮನೆಗೆ ಹೋಗುವ ಬೈಬಲ್ ಸ್ತ್ರೀಯರು ಮತ್ತು ಆ ಹಿರಿಯರು. ಉರ್ದು ಸರಕಾರದ ಭಾಷೆಯಾಗಿದ್ದ ನಾಡಿನಲ್ಲಿ ಹಗಲು ದುಡಿದ ಮಕ್ಕಳಿಗೆ ರಾತ್ರಿ ಅಕ್ಷರ ಕಲಿಸುವುದು, ಸಂಜೆ ಭಜನೆಗೆ ಜನರನ್ನು ಕೂಡಿಸುವುದು, ಗೌಡನ ಹತ್ತಿರ ಯಾರಿಗಾದರೂ ತೊಂದರೆಯಾದರೆ ಜೊತೆಗೆ ಹೋಗಿ ನಿಲ್ಲುವುದು, ಇವು ನಾಯಕನ ಕೆಲಸಗಳು. ಬ್ರಿಸ್ಟಲ್ಲಿನ ಹೆಸರು ಕೇಳದವರೇ ಇಲ್ಲಿ ಕ್ಲಾಸ್ ಲೀಡರುಗಳಾದರು.

ಪಿಕೆಟ್ ನೋಡಿದ್ದು ಇಂಥ ಊರುಗಳನ್ನೇ. ಆ ಹೊತ್ತಿಗೆ ಸಾಮೂಹಿಕ ಮತಾಂತರದ ವಿರುದ್ಧ ದೊಡ್ಡ ಆಕ್ಷೇಪವಿತ್ತು: ಇವರೆಲ್ಲ ಹೊಟ್ಟೆಗಾಗಿ, ರಕ್ಷಣೆಗಾಗಿ ಬಂದವರು, ಭಕ್ತಿಯಿಂದಲ್ಲ. ಪಿಕೆಟ್ ಜನರನ್ನೇ ಕೇಳಿ, ಕಾರಣಗಳನ್ನು ಬೇರೆಬೇರೆ ಮಾಡಿ, ಒಂದೊಂದು ಗುಂಪಿನವರ ಇಂದಿನ ಬದುಕನ್ನು ಹೋಲಿಸಿದರು. ಅವರಿಗೆ ಕಂಡದ್ದು ಇದು: ಯಾಕೆ ಬಂದರು ಎನ್ನುವುದಕ್ಕಿಂತ ಬಂದ ಮೇಲೆ ಅವರಿಗೆ ಏನು ಕಲಿಸಲಾಯಿತು, ಯಾರು ಕೂಡ ಇದ್ದರು ಎನ್ನುವುದು ಹೆಚ್ಚು ಮುಖ್ಯ. ಲೌಕಿಕ ಕಾರಣಕ್ಕೆ ಬಂದವರೂ ಒಳ್ಳೆಯ ಆರೈಕೆ ಸಿಕ್ಕ ಕಡೆ ಗಟ್ಟಿಯಾಗಿದ್ದರು. ಆರೈಕೆ ಸಿಗದ ಕಡೆ ಶುದ್ಧ ಭಕ್ತಿಯಿಂದ ಬಂದವರೂ ಸೊರಗಿದ್ದರು.

ಸೂತ್ರವಾಗುವ ಹೊತ್ತಿಗೆ ಒತ್ತು ಬದಲಾಯಿತು. ಮೆಕ್‌ಗವ್ರನ್ ಹಿಡಿದದ್ದು ಕೇರಿಗೆ ಕೇರಿಯೇ ಬಂದ ಬಗೆಯನ್ನು. ಜನ ತಮ್ಮ ಜಾತಿ, ಭಾಷೆ, ವರ್ಗದ ಗೆರೆ ದಾಟದೆ ಕ್ರೈಸ್ತರಾಗಲು ಇಷ್ಟಪಡುತ್ತಾರೆ; ಆದ್ದರಿಂದ ಸಭೆ ಬೆಳೆಯಬೇಕಾದರೆ ಆ ಗೆರೆಗಳ ಒಳಗೇ ಬೆಳೆಯಲಿ ಎಂಬುದು ಅವರ ವಾದದ ತಿರುಳು. ಅವರ ಮಾತಿನಲ್ಲಿ ಸಮಾಜದ ತಿಳಿವಳಿಕೆ ಇದೆ, ಮನೆ ಬಿಡಿಸಿ ಜನರನ್ನು ಒಂಟಿ ಮಾಡಬಾರದು ಎಂಬ ಕಾಳಜಿಯೂ ಇದೆ. ಆದರೆ ಬಸವಕಲ್ಯಾಣದ ಮಗ್ಗುಲಲ್ಲಿ ಕೂತು ಇದನ್ನು ಓದುವವರಿಗೆ ಒಂದು ಮುಜುಗರವಾಗದೆ ಇರದು. ಇದೇ ಊರಿನಲ್ಲಿ, ಎಂಟು ಶತಮಾನಕ್ಕೂ ಹಿಂದೆ, ಸಮಗಾರ ಹರಳಯ್ಯನ ಮಗನಿಗೂ ಬ್ರಾಹ್ಮಣ ಮಧುವರಸನ ಮಗಳಿಗೂ ಮದುವೆ ಮಾಡಿಸಿ ಶರಣರು ಬಿಜ್ಜಳನ ಶಿಕ್ಷೆಗೆ ಗುರಿಯಾದರೆಂದು ಪರಂಪರೆ ಹೇಳುತ್ತದೆ. ಲೆಕ್ಕದ ಪ್ರಕಾರ ಅದು ಸೋಲು. ಶರಣರು ಚದುರಿಹೋದರು. ಆದರೂ ಕಲ್ಯಾಣವನ್ನು ನಾವು ನೆನೆಯುವುದು ಗೆರೆ ದಾಟಿದ್ದಕ್ಕಾಗಿ.

ಕ್ರೈಸ್ತರಲ್ಲೂ ಗೆರೆ ದಾಟಲು ಹೆಣಗಿದವರಿದ್ದರು. ಇದೇ ಹೈದರಾಬಾದ್ ಸಂಸ್ಥಾನದ ದೋರ್ನಕಲ್‌ನಲ್ಲಿ 1912ರಲ್ಲಿ ಬಿಷಪ್ ಆದ ವಿ.ಎಸ್. ಅಜರಯ್ಯ, ಆಂಗ್ಲಿಕನ್ ಸಭೆಯ ಮೊದಲ ಭಾರತೀಯ ಬಿಷಪ್, ಪರಸ್ಪರ ಮುಟ್ಟಿಸಿಕೊಳ್ಳದ ಮಾಲ ಮತ್ತು ಮಾದಿಗರನ್ನು ಒಂದೇ ಪಂಕ್ತಿಗೆ ತರಲು ಜೀವಮಾನವಿಡೀ ಶ್ರಮಪಟ್ಟರು. ದೀಕ್ಷಾಸ್ನಾನ ಪಡೆದವರು ತಮ್ಮ ತಲೆಯ ಮೇಲೆ ತಾವೇ ಕೈಯಿಟ್ಟುಕೊಂಡು ಸುವಾರ್ತೆ ಸಾರುವ ಹೊಣೆ ಹೊರುವ ಪದ್ಧತಿಯೂ ಅವರದೇ. ಅಲ್ಲಿ ನಾಯಕ ಬೇರೆ, ಹಿಂಬಾಲಕ ಬೇರೆ ಎಂಬ ವಿಂಗಡಣೆ ಇರಲಿಲ್ಲ.

ಮುಂದೆ ಗೆರೆಗಳು ಬೇರೆ ರೀತಿಯಲ್ಲೂ ಬಿದ್ದವು. 1947ರಲ್ಲಿ ದಕ್ಷಿಣ ಭಾರತ ಸಭೆ ಏರ್ಪಟ್ಟಾಗ ಮೇದಕ್ ಕಡೆಯ ಬ್ರಿಟಿಷ್ ಮೂಲದ ಮೆಥೊಡಿಸ್ಟರು ಅದರಲ್ಲಿ ಸೇರಿದರು. ಬೀದರ್, ವಿಕಾರಾಬಾದಿನ ಅಮೆರಿಕನ್ ಮೂಲದವರು ಹೊರಗೆ ಉಳಿದರು. 1950ರ ರಾಷ್ಟ್ರಪತಿ ಆದೇಶ ಕ್ರೈಸ್ತರಾದ ದಲಿತರನ್ನು ಪರಿಶಿಷ್ಟ ಜಾತಿಯ ಪಟ್ಟಿಯಿಂದ ಹೊರಗಿಟ್ಟಿತು. ಕಾಗದದಲ್ಲೊಂದು ಗುರುತು, ಪ್ರಾರ್ಥನೆಯಲ್ಲೊಂದು ಗುರುತು ಎಂಬ ಇಬ್ಬಂದಿ ಎಷ್ಟೋ ಕುಟುಂಬಗಳ ಪಾಲಿಗೆ ಬಂತು. ಅಂದಮೇಲೆ ತಲೆಯೆಣಿಕೆಯಿಂದ ಸಭೆಯನ್ನು ಅಳೆಯುವುದಾದರೂ ಹೇಗೆ? 1956ರಲ್ಲಿ ಬೀದರ್ ಜಿಲ್ಲೆ ಮೂರು ರಾಜ್ಯಗಳಿಗೆ ಹರಿದುಹೋಯಿತು. ಜಹೀರಾಬಾದ್ ಆಂಧ್ರಕ್ಕೆ, ಉದಗೀರ್ ಅಂದಿನ ಮುಂಬಯಿಗೆ, ಹುಮನಾಬಾದ್ ಮೈಸೂರಿಗೆ. ಆದರೆ ವಿಕಾರಾಬಾದ್ ಬಳಿಯ ಧಾರೂರಿನಲ್ಲಿ ನವೆಂಬರಿನ ಮೆಥೊಡಿಸ್ಟ್ ಜಾತ್ರೆಗೆ ನಮ್ಮ ಕಡೆಯ ಜನ ಗಡಿ ದಾಟಿ ಇಂದಿಗೂ ಹೋಗುತ್ತಾರೆ. ಡೇರೆ ಹಾಕಿ, ಅಡುಗೆ ಮಾಡಿಕೊಂಡು, ದಿನಗಟ್ಟಲೆ ಇರುತ್ತಾರೆ.

1981ರಲ್ಲಿ ಭಾರತದ ಮೆಥೊಡಿಸ್ಟ್ ಸಭೆ ಸ್ವಾಯತ್ತವಾಯಿತು. ಸಭಾಪಾಲಕರನ್ನು ಬಿಷಪ್ ನೇಮಿಸುವ, ವರ್ಗ ಮಾಡುವ ಹಳೆಯ ಪದ್ಧತಿ ಮಾತ್ರ ಮುಂದುವರಿದಿದೆ. ಪಾಲಕರು ಬರುತ್ತಾರೆ, ಕೆಲವು ವರ್ಷ ಇದ್ದು ಹೋಗುತ್ತಾರೆ. ಅವರು ಹೋದ ಮರುವಾರ ಗುಡಿಯ ಬಾಗಿಲು ತೆರೆಯುವವರು ಯಾರು, ಸಾವಾದ ಮನೆಗೆ ಮೊದಲು ಹೋಗುವವರು ಯಾರು, ಬರದೆ ನಿಂತವರ ಹೆಸರು ಯಾರಿಗೆ ನೆನಪಿದೆ? ಒಂದು ಸಭೆ ಬೆಳೆದಿದೆಯೇ ಎಂದು ತಿಳಿಯಲು ನಾನು ಕೇಳುವ ಪ್ರಶ್ನೆಗಳು ಇವು. ಹತ್ತು ವರ್ಷದ ಹಿಂದೆ ಈ ಕೆಲಸ ಮಾಡುವವರು ಇಬ್ಬರಿದ್ದು ಈಗ ಆರು ಮಂದಿ ಇದ್ದರೆ, ಅವರಲ್ಲಿ ಬೇರೆ ಕೇರಿಯವರೂ ಹೆಂಗಸರೂ ಇದ್ದರೆ, ಆ ಸಭೆ ಬೆಳೆದಿದೆ. ಕಪಾಟಿನ ಪುಸ್ತಕಗಳಲ್ಲಿ ಇದಕ್ಕೆ ಅಂಕಣವಿಲ್ಲ. ಪಿಕೆಟ್ ಊರೂರು ಅಲೆದು ಹುಡುಕಿದ್ದು ಬಹುಮಟ್ಟಿಗೆ ಇದನ್ನೇ.